ಬಿಸಿ ಕಾಫಿ ಮನೆಯ ದಾಕ್ಷಾಯಿಣಮ್ಮ

ನಮ್ಮೂರಲ್ಲಿ ಬದನೆಕಾಯಿ ಹೆಚ್ಚಿಟ್ಟು, ಒಗ್ಗರಣೆಗೆ ಹಾಕುವುದನ್ನು ಮರೆತು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರೆ, ಕೆಲವರ ಅಡುಗೆಮನೆಯಲ್ಲಿ ಅದು ಮತ್ತೆ ಇಡೀ ಬದನೆಕಾಯಿಯಾಗಿ ಕೂತಿರುತ್ತದೆ. ಕೆಲವರಿಗೆ ಸಾಯಂಕಾಲದ ತನಕ ಪುರುಸೊತ್ತು ಸಿಗುತ್ತದೆ. ನನ್ನ ಹೆಂಡತಿಯ ತವರಿನಂಥ ಒಂದೆರಡು ಮನೆಗಳಲ್ಲಿ ಮಾತ್ರ ಹೆಚ್ಚಿದ್ದು ಹೆಚ್ಚಿದ ಹಾಗೇ ಇರುತ್ತದೆ. ಯಾರು ಮುಟ್ಟಿರುತ್ತಾರೋ ಅವರ ರಕ್ತಕ್ಕೆ ತಕ್ಕಂತೆ ಒಡೆದದ್ದು ಕೂಡುತ್ತದೆ, ಹರಿದದ್ದು ಸೇರುತ್ತದೆ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣುವುದಿಲ್ಲ. ಬೇಗ ಬೇಗ ಅಡುಗೆ ಮಾಡಿಕೊಳ್ಳುತ್ತೇವೆ, ಅಷ್ಟೇ.

ನಾನು ದರ್ಜಿ, ದೊರೆಸ್ವಾಮಿ ಅಂತ ಹೆಸರು. ಇಂಥ ಊರಲ್ಲಿ ದರ್ಜಿಗೇನು ಕೆಲಸ ಅಂತ ನೀವು ನಗಬಹುದು. ಹರಿದದ್ದನ್ನು ಹೊಲಿಸಲು ಯಾರೂ ಬರುವುದಿಲ್ಲ, ನಿಜ. ಆದರೆ ಹೊಸ ಬಟ್ಟೆ ಕತ್ತರಿಸುವುದಿದೆಯಲ್ಲ, ಅದು ನನ್ನ ಶತ್ರುವಿಗೂ ಬೇಡ. ಅದರಲ್ಲೂ ದಾಕ್ಷಾಯಿಣಮ್ಮನವರ ರವಿಕೆ ಕಣ! ಆಯಮ್ಮ ಬಟ್ಟೆಯನ್ನು ಒಮ್ಮೆ ಸವರಿ ಕೊಟ್ಟರೆ ಸಾಕು, ನಾನು ತೋಳು ಕತ್ತರಿಸಿ ಬೆನ್ನು ಕತ್ತರಿಸುವಷ್ಟರಲ್ಲಿ ತೋಳು ಹೋಗಿ ಕಣಕ್ಕೆ ಅಂಟಿಕೊಂಡಿರುತ್ತಿತ್ತು. ಒಂದು ರವಿಕೆಗೆ ನಾಲ್ಕು ಸಲ ಕತ್ತರಿ ಆಡಿಸಿದ್ದೇನೆ. ಕೊನೆಗೆ ನಾನೇ ಒಂದು ಉಪಾಯ ಕಂಡುಕೊಂಡೆ. ಕತ್ತರಿಸಿದ ತಕ್ಷಣ ಅಂಚು ಮಡಚಿ ಒಂದು ಹೊಲಿಗೆ ಎಳೆದುಬಿಡುವುದು. ಅಂಚು ಮುಚ್ಚಿದ ಬಟ್ಟೆ ಕೂಡುವುದಿಲ್ಲ, ಎಷ್ಟೇ ದೊಡ್ಡ ಮನೆಯವರು ಮುಟ್ಟಿರಲಿ. ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೊಡ್ಡ ಮನೆ ಅಂದೆನಲ್ಲ, ನಮ್ಮಲ್ಲಿ ಮನೆಯ ದೊಡ್ಡತನವನ್ನು ಅಳೆಯುವುದು ಹೆಣ್ಣು ನೋಡುವ ಶಾಸ್ತ್ರದ ದಿನ. ಹುಡುಗಿಗೆ ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಅಂತೆಲ್ಲ ನಾವು ಕೇಳುವುದಿಲ್ಲ. ಗಂಡಿನ ಕಡೆಯ ಹಿರಿಯರು ಕಾಫಿ ಲೋಟದ ಕೆಳಗಿಡುವ ಒಂದು ಪಿಂಗಾಣಿ ಬಸಿಯನ್ನು ಎರಡು ಹೋಳು ಮಾಡಿ ಕೊಡುತ್ತಾರೆ. ಮೊದಲು ಹುಡುಗಿಯ ಮನೆಯ ಹಿರೀ ಹೆಂಗಸು, ಆಮೇಲೆ ಹುಡುಗಿ, ಹೋಳುಗಳನ್ನು ಜೋಡಿಸಿ ಹಿಡಿದು ಕೂರಬೇಕು. ಎಲ್ಲರ ಮುಂದೆ ಕಾಫಿ ಲೋಟ ಇರುತ್ತದೆ, ಆದರೆ ಫಲಿತಾಂಶ ತಿಳಿಯುವ ತನಕ ಯಾರೂ ಮುಟ್ಟುವಂತಿಲ್ಲ. ಕಾಫಿ ಬಿಸಿಯಿರುವಾಗಲೇ ಬಸಿ ಕೂಡಿದರೆ ಅದು ಬಿಸಿ ಕಾಫಿ ಮನೆ. ಆರಿದ ಮೇಲೆ ಕೂಡಿದರೆ ಆರಿದ ಕಾಫಿ ಮನೆ, ಅದಕ್ಕೂ ಒಂದು ಮರ್ಯಾದೆ ಇದೆ, ನಮ್ಮದು ಅದೇ. ಕೂಡಲೇ ಇಲ್ಲ ಅನ್ನಿ, ಅದು ಬಿರುಕು ಮನೆ. ಗಂಡಿನ ಕಡೆಯವರು ಕಾಫಿ ಮುಟ್ಟದೆ ಎದ್ದು ಹೋಗುತ್ತಾರೆ.

ಮೂವತ್ತೆರಡು ವರ್ಷದ ಹಿಂದೆ ದಾಕ್ಷಾಯಿಣಮ್ಮ ತಮ್ಮನಿಗೆ ಹೆಣ್ಣು ನೋಡಲು ಹೀಗೇ ಒಂದು ಮನೆಗೆ ಹೋಗಿದ್ದರು. ಹುಡುಗಿ ನೋಡಲು ಲಕ್ಷಣವಾಗಿದ್ದಳು, ಹೆಸರು ಮಲ್ಲಾಜಮ್ಮ. ಮನೆಯಲ್ಲಿ ಹಿರೀ ಹೆಂಗಸು ಇಲ್ಲದ್ದರಿಂದ ಬಸಿ ಒಡೆದು ಅವಳ ಕೈಗೇ ಕೊಟ್ಟರು. ಕಾಫಿ ಕೆನೆಗಟ್ಟಿತು, ತಣ್ಣಗಾಯಿತು, ಲೋಟಕ್ಕೆ ನೊಣ ಬಂದು ಕೂತಿತು. ದಾಕ್ಷಾಯಿಣಮ್ಮ ಸೆರಗು ಸರಿಮಾಡಿಕೊಂಡು ಎದ್ದು, "ಕೂಡಲಿಲ್ಲ" ಅಂತ ಒಂದೇ ಮಾತು ಹೇಳಿ ಹೊರಟುಹೋದರು. ಆ ಮಲ್ಲಾಜಮ್ಮನನ್ನು ಆಮೇಲೆ ನಾನು ಮದುವೆಯಾದೆ. ಅವಳು ಒಡೆಯುವುದು, ನಾನು ಹಿಡಿದು ಕೂಡಿಸುವುದು, ಹೀಗೇ ಸಂಸಾರ ಚೆನ್ನಾಗಿ ನಡೆದಿದೆ. ಆದರೆ ಆ ಬಸಿಯ ಹೋಳುಗಳನ್ನು ಮಾತ್ರ ಅವಳು ನನಗೆ ಮುಟ್ಟಗೊಡಲಿಲ್ಲ. "ಅದು ಹಂಗೇ ಇರ್ಲಿ ಬಿಡ್ರೀ" ಅಂತ ಬೀರುವಿನ ಮೇಲಿಟ್ಟಳು. ಇವತ್ತಿಗೂ ಅಲ್ಲೇ ಇವೆ.

ಇಂಥ ದಾಕ್ಷಾಯಿಣಮ್ಮನಿಗೂ ನನ್ನ ಮಲ್ಲಾಜಿಗೂ ಕಳೆದ ವರ್ಷ ಒಂದೇ ತಿಂಗಳಲ್ಲಿ ಒಂದೇ ಕಾಯಿಲೆ ಬಂತು. ಅಂಡಾಶಯದ ಕ್ಯಾನ್ಸರ್. ದೇವರಿಗೆ ಮನೆತನದ ಭೇದ ಗೊತ್ತಿಲ್ಲ ಅಂತ ಕಾಣುತ್ತದೆ. ಮಲ್ಲಾಜಿಗೆ ಆಪರೇಷನ್ ಮಾಡಿ ತೆಗೆದಷ್ಟು ತೆಗೆದರು, ಗಾಯ ಆರಲು ಎರಡು ತಿಂಗಳು ಹಿಡಿಯಿತು. ದಾಕ್ಷಾಯಿಣಮ್ಮನಿಗೆ ಅದೂ ಆಗಲಿಲ್ಲ. ಸರ್ಜನ್ ಹೊಟ್ಟೆ ಕೊಯ್ದು, ಪಕ್ಕದ ತಟ್ಟೆಯಿಂದ ಕತ್ತರಿ ಎತ್ತಿಕೊಳ್ಳುವಷ್ಟರಲ್ಲಿ ಕೊಯ್ದ ಜಾಗ ಮುಚ್ಚಿಕೊಂಡಿತ್ತಂತೆ. ಮೂರು ಸಲ ಕೊಯ್ದು ಆತ ಕೈಗವಸು ಬಿಚ್ಚಿ ಹೊರಗೆ ಬಂದ. ಊರಿಗೆ ಹೊಸದಾಗಿ ಬಂದಿದ್ದ ಕ್ಯಾನ್ಸರ್ ಡಾಕ್ಟರ್ ಸಬೀಹಾ, ಇಬ್ಬರಿಗೂ ಪ್ಲಾಟಿನಂ ಇರುವ ಔಷಧಿಯ ಡ್ರಿಪ್ ಹಾಕೋಣ ಅಂದರು.

ಪ್ಲಾಟಿನಂ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ದಾಕ್ಷಾಯಿಣಮ್ಮನ ಮುಖ ಅರಳಿತು. "ನೋಡಪ್ಪ ದೊರೆಸ್ವಾಮಿ, ನಂಗೆ ಚಿನ್ನಕ್ಕಿಂತ ಮೇಲಿಂದು ಹಾಕ್ತಾವ್ರೆ" ಅಂದರು. "ನಮ್ಮವಳಿಗೂ ಅದೇ ಹಾಕ್ತಾರಂತೆ ಅಮ್ಮಾವ್ರೆ" ಅಂದೆ ನಾನು. ಅವರು, "ನಿಮ್ಮೋಳಿಗೆ ಸ್ವಲ್ಪ ತೆಳು ಮಾಡಿ ಹಾಕ್ತಾರೇನೋ" ಅಂದರು.

ಇಬ್ಬರಿಗೂ ಮೂರು ವಾರಕ್ಕೊಂದು ಸಲ, ಒಂದೇ ವಾರ್ಡಿನಲ್ಲಿ, ಅಕ್ಕಪಕ್ಕದ ಮಂಚ. ನನ್ನ ಮಲ್ಲಾಜಿ ಮೊದಲ ಡ್ರಿಪ್ಪಿಗೇ ಹೈರಾಣಾಗಿಹೋದಳು. ನೀರು ಕುಡಿದರೂ ವಾಂತಿ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಬೆರಳ ತುದಿಯಲ್ಲಿ ಜುಮುಜುಮು, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ, ಹೊರಗೆ ಹೋಗಿ ಹುಣಸೆಮರದ ಕೆಳಗೆ ಕೂತು ಅತ್ತು ಬರುತ್ತಿದ್ದೆ. ಪಕ್ಕದ ಮಂಚದಲ್ಲಿ ದಾಕ್ಷಾಯಿಣಮ್ಮ ಕೈಗೆ ಸೂಜಿ ಚುಚ್ಚಿಸಿಕೊಂಡೇ ಖಾರಾಬೂಂದಿ ತಿನ್ನುತ್ತಿದ್ದರು. ವಾಂತಿ ಇಲ್ಲ, ಸಂಕಟ ಇಲ್ಲ, ಒಂದು ಕೂದಲೂ ಉದುರಲಿಲ್ಲ. ಅವರ ಮಗ ಶಿವಪ್ರಕಾಶ ಸಂಭ್ರಮದಿಂದ ಇಡೀ ವಾರ್ಡಿಗೆ ಸಜ್ಜಪ್ಪದ ಸಿಹಿ ಹಂಚಿದ. ನೋಡಲು ಬಂದವರೆಲ್ಲ, "ರಕ್ತ ಅಂದ್ರೆ ಇದು ಕಣ್ರೀ, ಬಿಸಿ ಕಾಫಿ ರಕ್ತ. ಎಂಥಾ ಔಷಧಿನೂ ತಡ್ಕೊಳ್ತದೆ" ಅಂತ ಹೊಗಳಿ, ನಮ್ಮ ಮಂಚದ ಕಡೆ ನೋಡಿ ಲೊಚಗುಟ್ಟಿ ಹೋಗುತ್ತಿದ್ದರು. ದಾಕ್ಷಾಯಿಣಮ್ಮನಿಗೂ ಕನಿಕರ ಬಂತು. ಮಲ್ಲಾಜಿಯ ದಿಂಬಿನ ಪಕ್ಕ ಒಂದು ನಿಂಬೆಹಣ್ಣು ಇಟ್ಟು, "ಮೂಸ್ಕೊಳೇ, ಸಂಕಟ ಕಮ್ಮಿಯಾಗ್ತದೆ. ಪಾಪ, ನೀನಾದ್ರೂ ಏನ್ ಮಾಡ್ತೀಯ, ಹುಟ್ಟಿದ ಮನೆ ಹಂಗೆ" ಅಂದರು. ಮಲ್ಲಾಜಿ ಕಣ್ಣು ಬಿಡದೇ, "ನಿಮ್ಮ ಬೂಂದಿ ವಾಸ್ನೆ ಸ್ವಲ್ಪ ಆ ಕಡೆ ಇಟ್ಕೊಳಿ ಅಕ್ಕಾವ್ರೆ" ಅಂದಳು.

ಮೂರು ಡ್ರಿಪ್ ಆದ ಮೇಲೆ ಸ್ಕ್ಯಾನ್ ಮಾಡಿದರು. ಡಾಕ್ಟರ್ ಸಬೀಹಾ ಎರಡು ಫಿಲ್ಮುಗಳನ್ನು ಬೆಳಕಿಗೆ ಹಿಡಿದು ಒಂದರ ಪಕ್ಕ ಒಂದಿಟ್ಟು ಹೋಲಿಸಿ ನೋಡಿದರು. ಆಮೇಲೆ ಹೇಳಿದರು: ಮಲ್ಲಾಜಮ್ಮನ ಹೊಟ್ಟೆಯಲ್ಲಿ ಉಳಿದಿದ್ದ ಗೆಡ್ಡೆ ಮೆಣಸಿನಕಾಳಿನಷ್ಟಾಗಿದೆ. ದಾಕ್ಷಾಯಿಣಮ್ಮನದು ಬೆಳೆದಿದೆ.

ಶಿವಪ್ರಕಾಶ ನಕ್ಕುಬಿಟ್ಟ. "ಮೇಡಂ, ಹೆಸರು ಅದಲು ಬದಲಾಗಿದೆ ನೋಡಿ" ಅಂದ. ದಾಕ್ಷಾಯಿಣಮ್ಮನಿಗೂ ಅದೇ ಖಾತ್ರಿ. "ಆ ಹುಡುಗಿ ಸಣಕಲಾಗಿ ಬಿದ್ದವಳೆ, ನಾನು ಗುಂಡುಕಲ್ಲಿನ ಹಂಗಿದೀನಿ. ಗೆಡ್ಡೆ ನಂಗೆಂಗಮ್ಮ ಬೆಳೀತದೆ?" ಅಂದರು. ಅವರ ಹಟಕ್ಕೆ ಇನ್ನೊಂದು ಸಲ ಸ್ಕ್ಯಾನ್ ಮಾಡಿದರು. ಬಾಗಿಲಲ್ಲಿ ಶಿವಪ್ರಕಾಶನೇ ನಿಂತು ಹೆಸರು ಬರೆಸಿದ. ಫಲಿತಾಂಶ ಮೊದಲಿನದೇ. ಆಗ ಮಾತ್ರ ಆಯಮ್ಮನ ಕೈಯಲ್ಲಿದ್ದ ಬೂಂದಿ ಪೊಟ್ಟಣ ಕೆಳಗಿಳಿಯಿತು.

ಡಾಕ್ಟರ್ ಸಬೀಹಾ ಮಂಚದ ತುದಿಯಲ್ಲಿ ಕೂತು ತಿಳಿಸಿ ಹೇಳಲು ಪ್ರಯತ್ನಪಟ್ಟರು. ಜೀವಕೋಶದೊಳಗೆ ಡಿಎನ್‌ಎ ಅಂತ ಒಂದು ನೂಲಿರುತ್ತದೆ. ಈ ಪ್ಲಾಟಿನಂ ಔಷಧಿ ಕ್ಯಾನ್ಸರ್ ಕೋಶದ ಒಳಗೆ ಹೋಗಿ ಆ ನೂಲನ್ನು ಕೆಡಿಸುತ್ತದೆ, ನೂಲು ಕೆಟ್ಟರೆ ಕೋಶ ಸಾಯುತ್ತದೆ. ಆದರೆ ಕೆಟ್ಟ ನೂಲನ್ನು ಸರಿಪಡಿಸುವ ಜೀನುಗಳೂ ಮೈಯಲ್ಲೇ ಇವೆ. ಅವು ಒಬ್ಬೊಬ್ಬರಲ್ಲಿ ಒಂದೊಂದು ಥರ. ಮಲ್ಲಾಜಮ್ಮನಲ್ಲಿ ಆ ಜೀನು ದುರ್ಬಲ, ಅದಕ್ಕೇ ಗೆಡ್ಡೆಗೂ ತನ್ನನ್ನು ರಿಪೇರಿ ಮಾಡಿಕೊಳ್ಳಲು ಆಗಲಿಲ್ಲ. ಬಹುಶಃ ಈ ಕಾಯಿಲೆ ಬಂದದ್ದೂ ಅದರಿಂದಲೇ. ದಾಕ್ಷಾಯಿಣಮ್ಮನಲ್ಲಿ ರಿಪೇರಿ ಅತಿ ಜೋರು, ಅವರ ಗೆಡ್ಡೆಗೂ ಅದೇ ಕಲೆ ಸಿದ್ಧಿಸಿದೆ. "ನಾನು ಡ್ರಿಪ್ ಹಾಕಿ ಮನೆ ತಲುಪೋ ಮೊದಲೇ ನಿಮ್ಮ ಗೆಡ್ಡೆ ರಿಪೇರಿಯಾಗಿ ಕೂತಿರತ್ತೆ ಅಮ್ಮ" ಅಂದರು.

ದಾಕ್ಷಾಯಿಣಮ್ಮ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ. "ಅಮ್ಮಾವ್ರೆ, ನಿಮ್ಮ ರವಿಕೆ ಕಣ ಕಣ್ರೀ! ನಾನು ಕತ್ತರಿಸ್ತೀನಿ, ಅದು ಕೂಡ್ಕೊಳ್ತದೆ. ನಿಮ್ಮ ಗೆಡ್ಡೆನೂ ಹಂಗೇ ಮಾಡ್ತಾ ಐತೆ. ಬರೀ ಕತ್ತರಿಸಿದ್ರೆ ಸಾಲದು, ಕೂಡ್ದಂಗೆ ಅಂಚು ಹೊಲೀಬೇಕು" ಅಂದೆ. ಡಾಕ್ಟರ್ ನನ್ನ ಕಡೆ ತಿರುಗಿ, "ಏನಂದ್ರಿ?" ಅಂತ ಕೇಳಿ ಇನ್ನೊಂದು ಸಲ ಹೇಳಿಸಿಕೊಂಡರು. "ಅದೇ, ಅದೇ! ಅಂಚು ಹೊಲಿಯೋ ಮಾತ್ರೆ ಒಂದು ಹೊಸದಾಗಿ ಬಂದಿದೆ" ಅಂದರು. ಆ ಮಾತ್ರೆ ನಾನು ಬಾಯಿ ಬಿಡುವ ಮೊದಲೇ ಅವರ ತಲೆಯಲ್ಲಿತ್ತು ಅಂತ ಮಲ್ಲಾಜಿ ಹೇಳುತ್ತಾಳೆ. ಹೇಳಲಿ ಬಿಡಿ. ನಾನು ಹೇಳಿದ ಮೇಲೆಯೇ ಅವರು ಹೇಳಿದ್ದು ಅನ್ನುವುದಕ್ಕೆ ವಾರ್ಡಿನಲ್ಲಿ ಎಂಟು ಜನ ಸಾಕ್ಷಿ ಇದ್ದಾರೆ.

ಆದರೆ ಮಾತ್ರೆಗೊಂದು ಷರತ್ತಿತ್ತು. ಅದು ಗೆಡ್ಡೆಯ ರಿಪೇರಿಯನ್ನಷ್ಟೇ ನಿಲ್ಲಿಸುವುದಿಲ್ಲ, ಮೈಯ ರಿಪೇರಿಯನ್ನೆಲ್ಲ ನಿಲ್ಲಿಸುತ್ತದೆ. ಹತ್ತು ಹನ್ನೆರಡು ದಿನದಲ್ಲಿ ಅವರ ಕೈಯಲ್ಲಿ ಏನೂ ಕೂಡದಂತೆ ಆಗಬೇಕು. ಆಗಲೇ ಮಾತ್ರೆ ಹಿಡಿಯಿತು ಅಂತ ಅರ್ಥ, ಆಮೇಲೆ ಡ್ರಿಪ್ ಹಾಕಿದರೆ ಕೆಲಸ ಮಾಡುತ್ತದೆ. ಹಿಡಿಯದಿದ್ದರೆ ತಮ್ಮ ಹತ್ತಿರ ಬೇರೆ ಔಷಧಿಯಿಲ್ಲ ಅಂತ ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು.

ದಾಕ್ಷಾಯಿಣಮ್ಮ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಹದಿಮೂರು ದಿನಕ್ಕೆ ಮೊಮ್ಮಗಳನ್ನ ನೋಡಕ್ಕೆ ಬರ್ತಾವ್ರೆ. ಅಷ್ಟರೊಳಗೆ ಮಾತ್ರೆ ನಿಲ್ಲಿಸ್ಬೋದಾ?" ಮೊಮ್ಮಗಳು ಶರ್ವಾಣಿಗೆ ಗೊತ್ತಾಗಿದ್ದ ಸಂಬಂಧ ಊರಿನ ಅತಿ ಹಳೆಯ ಬಿಸಿ ಕಾಫಿ ಮನೆಯದು. ಬಸಿ ಮೊದಲು ಹಿಡಿಯಬೇಕಾದವರು ಅಜ್ಜಿ. ಬಸಿ ಕೂಡಿದರೆ ಮದುವೆ ಉಂಟು, ಆದರೆ ಮಾತ್ರೆ ಹಿಡಿದಿಲ್ಲ, ಜೀವ ಉಳಿಯುವುದಿಲ್ಲ. ಕೂಡದಿದ್ದರೆ ಜೀವಕ್ಕೆ ದಾರಿಯುಂಟು, ಸಂಬಂಧ ಮುರಿದ ಹಾಗೆ. ಶಾಸ್ತ್ರ ಮುಂದೆ ಹಾಕಿ ಅಂತ ನಾನು ಅಂದಿದ್ದಕ್ಕೆ, ನಾನೇನೋ ಬಾಯಿಗೆ ಬಾರದ ಮಾತು ಆಡಿದವನಂತೆ ನೋಡಿದರು. ಬಿಸಿ ಕಾಫಿ ಮನೆಯವರು ಬಸಿ ಹಿಡಿಯುವ ದಿನವನ್ನು ಮುಂದೆ ಹಾಕಿದರೆ ಊರು ಏನಂದುಕೊಳ್ಳುತ್ತದೆ!

ಅಂತೂ ಮಾತ್ರೆ ಶುರುವಾಯಿತು. ದಿನಾ ಬೆಳಿಗ್ಗೆ ಆಯಮ್ಮ ಒಂದು ಬಸಿ ಒಡೆದು, ಪಕ್ಕದಲ್ಲಿ ಕಾಫಿ ಇಟ್ಟುಕೊಂಡು ಹಿಡಿದು ಕೂರುತ್ತಿದ್ದರು. ಅಳತೆ ತೆಗೆದುಕೊಳ್ಳುವ ನೆಪದಲ್ಲಿ ನಾನು ಹೋಗಿ ನೋಡಿ ಬಂದು ಮಲ್ಲಾಜಿಗೆ ವರದಿ ಒಪ್ಪಿಸುತ್ತಿದ್ದೆ. ಒಂದು ವಾರ ಬಿಸಿಯಿರುವಾಗಲೇ ಕೂಡಿತು. ಕೂಡಿದಾಗ ಅವರ ಮುಖ ಒಂದು ಕ್ಷಣ ಹಿಗ್ಗುತ್ತಿತ್ತು, ಮರುಕ್ಷಣ ಬಿಳಚಿಕೊಳ್ಳುತ್ತಿತ್ತು. ಹತ್ತನೆಯ ದಿನ ಕಾಫಿ ಆರಿತು, ಆಮೇಲೆ ಕೂಡಿತು. "ನಿಮ್ಮನೆ ಮಟ್ಟಕ್ಕೆ ಬಂದೆ ಕಣಯ್ಯ" ಅಂತ ನನಗೆ ಹೇಳಿ ನಕ್ಕರು. ಹನ್ನೆರಡನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ, ಅದೂ ಓರೆಯಾಗಿ ಕೂಡಿತು.

ಶಾಸ್ತ್ರದ ದಿನ ಬೆಳಿಗ್ಗೆ ಶರ್ವಾಣಿಯ ರವಿಕೆ ಕೊಡಲು ನಾನು ಹೋದೆ. ತಲೆಗೆ ಸೆರಗು ಸುತ್ತಿಕೊಂಡು ಮಲ್ಲಾಜಿಯೂ ಬಂದಳು. ಒಳಗೆ ಶಿವಪ್ರಕಾಶ ತಾಯಿಯ ಮುಂದೆ ಮಂಡಿಯೂರಿ ಕೂತಿದ್ದ. "ಇವತ್ತೊಂದು ದಿನ ಮಾತ್ರೆ ಬಿಡಮ್ಮ. ನಾಳೆಯಿಂದ ಮತ್ತೆ ತಗೊಂಡ್ರಾಯ್ತು. ಒಂದು ದಿನದಲ್ಲಿ ಏನಾಗ್ತದೆ?" ಅನ್ನುತ್ತಿದ್ದ. ಅವನನ್ನು ಬೈಯಬೇಡಿ, ಮಗಳ ಅಪ್ಪ. ದಾಕ್ಷಾಯಿಣಮ್ಮನ ಒಂದು ಅಂಗೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ. ಎರಡನ್ನೂ ನೋಡುತ್ತ ಕೂತಿದ್ದರು.

ಮಲ್ಲಾಜಿ ಬಾಗಿಲಲ್ಲೇ ನಿಂತು, "ಒಂದಿನ ಬಿಟ್ರೆ ಮತ್ತೆ ಒಂದರಿಂದ ಎಣಿಸ್ಬೇಕು ಅಂತ ಡಾಕ್ಟರಮ್ಮ ಹೇಳವ್ರೆ" ಅಂದಳು.

"ನಿಂಗೇನೇ, ನಿಂಗೆ ಆ ಅವಮಾನ ಹೊಸದಲ್ಲ" ಅಂದರು ದಾಕ್ಷಾಯಿಣಮ್ಮ. "ನನ್ನ ಕೈ ನೋಡಿ ನಾಲ್ಕು ಜನ ಲೊಚಗುಟ್ಟೋದು ನಂಗೆ ಗೊತ್ತಿಲ್ಲ. ಹೆಂಗಿರ್ತದೆ ಅದು?"

"ಹೊಟ್ಟೆ ಉರೀತದೆ" ಅಂದಳು ಮಲ್ಲಾಜಿ. "ಒಂದು ವರ್ಷ ನಾನು ಅತ್ತೆ. ನಿಮ್ಮನ್ನ ಬೈದೆ, ನನ್ನ ಕೈನ ಬೈದೆ. ಆಮೇಲೆ ಇವ್ರು ಬಂದು ಮದುವೆಯಾದ್ರು, ಮರ್ತೋಯ್ತು. ಬದುಕಿದ್ರೆ ಮರೀಬೋದು ಅಕ್ಕಾವ್ರೆ. ಅದೇ ಕೈ ದೆಸೆಯಿಂದ ಇವತ್ತು ನಿಮ್ಮ ಮುಂದೆ ಬದುಕಿ ನಿಂತಿದೀನಿ. ನುಂಗಿ, ನೀರು ಕುಡೀರಿ."

ದಾಕ್ಷಾಯಿಣಮ್ಮ ಸೆರಗು ಸರಿದು ಕಂಡ ಅವಳ ಬೋಳುತಲೆಯನ್ನು ನೋಡಿದರು. ನೋಡಿ, ಮಾತ್ರೆ ನುಂಗಿ, ನೀರು ಕುಡಿದರು. ಶಿವಪ್ರಕಾಶ ಎದ್ದು ಹೊರಗೆ ಹೋದ.

ಹನ್ನೊಂದು ಗಂಟೆಗೆ ಗಂಡಿನ ಕಡೆಯವರು ಬಂದರು. ಹುಡುಗ, ಅವನ ತಂದೆ, ತಾಯಿ, ರೇಷ್ಮೆ ಶಾಲು ಹೊದ್ದ ಒಬ್ಬ ಸೋದರಮಾವ. ಮಲ್ಲಾಜಿ ಅಡುಗೆಮನೆಯಲ್ಲಿ ಕಾಫಿಗೆ ನಿಂತಳು, ಆ ಮನೆಯಲ್ಲಿ ಅವಳನ್ನು ಅಡುಗೆಮನೆಗೆ ಬಿಟ್ಟದ್ದು ಅದೇ ಮೊದಲು. ನಾನು ಬಾಗಿಲ ಸಂದಿಯಲ್ಲಿ ರವಿಕೆಯ ಗುಂಡಿ ನೋಡುವವನ ಹಾಗೆ ನಿಂತೆ. ಕಾಫಿ ಬಂತು, ಹಬೆಯಾಡುತ್ತಿತ್ತು. ಸೋದರಮಾವ ಬಸಿಯನ್ನು ಮೊಣಕಾಲಿಗೆ ಕುಟ್ಟಿ ಎರಡು ಹೋಳು ಮಾಡಿ ದಾಕ್ಷಾಯಿಣಮ್ಮನ ಕೈಗಿಟ್ಟ. "ಇದು ಬರೀ ಶಾಸ್ತ್ರಕ್ಕೆ ಅಮ್ಮ, ನಿಮ್ಮ ಮನೆ ಗೊತ್ತಿಲ್ಲದ್ದೇ?" ಅಂತ ಉಪಚಾರದ ಮಾತೂ ಆಡಿದ.

ದಾಕ್ಷಾಯಿಣಮ್ಮ ಹೋಳುಗಳನ್ನು ಜೋಡಿಸಿ ಹಿಡಿದರು. ಹಬೆ ನಿಂತಿತು. ಸೋದರಮಾವ ಗಡಿಯಾರ ನೋಡಿದ. ಕಾಫಿಯ ಮೇಲೆ ಕೆನೆ ಕಟ್ಟಿತು. ಶರ್ವಾಣಿ ತಲೆಯೆತ್ತಿ ಹುಡುಗನನ್ನಲ್ಲ, ಅಜ್ಜಿಯನ್ನೇ ನೋಡುತ್ತಿದ್ದಳು. ಕೂಡಬೇಡ, ಕೂಡಬೇಡ ಅಂತ ಒಂದು ಬಸಿಗೆ ಬೇಡಿಕೊಂಡ ದರ್ಜಿ ಈ ಲೋಕದಲ್ಲಿ ನಾನೊಬ್ಬನೇ ಇರಬೇಕು. ಹುಡುಗನ ತಾಯಿ ಲೋಟವನ್ನು ಬೆರಳ ಬೆನ್ನಿನಿಂದ ಮುಟ್ಟಿ ನೋಡಿ ಗಂಡನ ಕಡೆ ತಿರುಗಿದರು. ಮುಕ್ಕಾಲು ಗಂಟೆಯಾಯಿತು, ಒಂದು ಗಂಟೆಯಾಯಿತು. ಯಾರೋ ಕೆಮ್ಮಿದರು.

ದಾಕ್ಷಾಯಿಣಮ್ಮ ಮೆಲ್ಲಗೆ ಕೈಗಳನ್ನು ಅಗಲಿಸಿದರು. ಎಡಗೈಯಲ್ಲೊಂದು ಹೋಳು, ಬಲಗೈಯಲ್ಲೊಂದು ಹೋಳು. "ಕೂಡಲಿಲ್ಲ" ಅಂದರು. ಹಾಗೆಂದವರೇ ಆ ಸಭೆಯಲ್ಲಿ ಹಲ್ಲು ಕಾಣುವಂತೆ ನಕ್ಕುಬಿಟ್ಟರು. ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು, ನಗು ಮಾತ್ರ ನಿಲ್ಲಲಿಲ್ಲ. ಗಂಡಿನ ಕಡೆಯವರಿಗೆ ಏನು ತಿಳಿಯಬೇಕು? ಅಜ್ಜಿಯ ಕೈಯಲ್ಲೇ ಕೂಡದ ಮೇಲೆ ಹುಡುಗಿಯ ಕೈ ನೋಡುವುದೇನಿದೆ ಅಂತ ಸೋದರಮಾವ ಶಾಲು ಕೊಡವಿ ಎದ್ದ, ಹುಡುಗನ ತಂದೆತಾಯಿ ಎದ್ದರು. ಹುಡುಗ ಮಾತ್ರ ಶರ್ವಾಣಿಯ ಮುಖವನ್ನೊಮ್ಮೆ ನೋಡಿ, ತನ್ನ ಲೋಟದ ತಣ್ಣನೆ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟು, ಆಮೇಲೆ ಅವರ ಹಿಂದೆ ಹೋದ. ಅದನ್ನು ನಾನೂ ನೋಡಿದೆ, ಶರ್ವಾಣಿಯೂ ನೋಡಿದಳು. ಅದರ ಮುಂದಿನ ವಿಚಾರ ಅವರಿಬ್ಬರಿಗೆ ಬಿಟ್ಟದ್ದು.

ಅಡುಗೆಮನೆಯಿಂದ ಮಲ್ಲಾಜಿ ಓಡಿ ಬಂದಳು. "ಏನಾಯ್ತು ಅಕ್ಕಾವ್ರೆ?"

"ಕೂಡಲಿಲ್ಲ ಕಣೇ! ಕೂಡಲೇ ಇಲ್ಲ!" ದಾಕ್ಷಾಯಿಣಮ್ಮ ಶಾಲೆಯಲ್ಲಿ ಮೊದಲನೆಯ ಸ್ಥಾನ ಬಂದ ಮಗುವಿನಂತೆ ಎರಡು ಹೋಳುಗಳನ್ನೂ ಎತ್ತಿ ತೋರಿಸಿದರು. ಹೋಳಿನ ಅಂಚು ತಗುಲಿ ಅವರ ಬೆರಳಲ್ಲಿ ಸಣ್ಣಗೆ ರಕ್ತ ಒಸರುತ್ತಿತ್ತು, ಗಾಯ ಮುಚ್ಚಿಕೊಳ್ಳುತ್ತಿರಲಿಲ್ಲ. ಮಲ್ಲಾಜಿ ಆ ಬೆರಳನ್ನು ತನ್ನ ಸೆರಗಿನ ತುದಿಯಲ್ಲಿ ಸುತ್ತಿ ಗಟ್ಟಿಯಾಗಿ ಹಿಡಿದುಕೊಂಡು ಪಕ್ಕದಲ್ಲೇ ಕೂತಳು. ಶಿವಪ್ರಕಾಶ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಶರ್ವಾಣಿ ಹೋಗಿ ಅಪ್ಪನ ಬೆನ್ನು ಸವರಿದಳು.

ಮುಂದೆ ಮೂರು ಲೋಟ ಕಾಫಿ ಯಾರೂ ಮುಟ್ಟದೆ ಹಾಗೇ ಇತ್ತು. ದಾಕ್ಷಾಯಿಣಮ್ಮ ಅದನ್ನು ನೋಡಿ, "ಮಲ್ಲಾಜಿ, ಆವತ್ತು ನಿಮ್ಮನೇಲಿ ನಾನು ಬಿಟ್ಟೆದ್ದು ಬಂದ ಕಾಫಿ, ಅದನ್ನ ಏನ್ ಮಾಡಿದ್ರೇ?" ಅಂತ ಕೇಳಿದರು.

"ನಾನೇ ಕುಡಿದೆ" ಅಂದಳು ಮಲ್ಲಾಜಿ. "ಅಳ್ತಾ ಅಳ್ತಾ ಕುಡಿದೆ. ಸಕ್ಕರೆ ಹದವಾಗಿತ್ತು."

ದಾಕ್ಷಾಯಿಣಮ್ಮ ಒಂದು ಲೋಟವನ್ನು ಅವಳ ಕಡೆ ಸರಿಸಿ, ಇನ್ನೊಂದನ್ನು ತಾವು ಎತ್ತಿಕೊಂಡರು.